ಹಸಿರು ಮನೆಯ ಜಮಾ-ಖರ್ಚು

ಮಕ್ಕಳೇ, ‘ಹಸಿರು ಕಟ್ಟಡ’ ಎಂದರೆ ಹಸಿರು ಬಣ್ಣ ಬಳಿದ ಮನೆಯಲ್ಲ. ಕಟ್ಟುವಾಗಲೂ ವಾಸಿಸುವಾಗಲೂ ನೀರು, ವಿದ್ಯುತ್ತು, ಇಂಧನಗಳನ್ನು ಹಿತಮಿತವಾಗಿ ಬಳಸುವ ಮನೆ. ಅಜ್ಜ-ಅಜ್ಜಿಯರಿಗೆ ಇದು ತೀರಾ ಹೊಸದಲ್ಲ. ದಪ್ಪ ಮಣ್ಣಿನ ಗೋಡೆ, ಹೆಂಚಿನ ಮಾಡು, ಗಾಳಿ-ಬೆಳಕಿನ ತೊಟ್ಟಿ ಇದ್ದ ಮನೆಗಳಲ್ಲಿ ಫ್ಯಾನಿಲ್ಲದೆ ಬೇಸಿಗೆ ಕಳೆದವರು ಅವರಲ್ಲಿ ಅನೇಕರು. ನಮ್ಮಂಥ ಬೆಳೆಯುತ್ತಿರುವ ದೇಶದಲ್ಲಿ ಇನ್ನೂ ಎಷ್ಟೋ ಮನೆಗಳು ಏಳಬೇಕು. ಅವು ಹೇಗಿರಬೇಕು? ಜಮಾ-ಖರ್ಚು ಬರೆದು ನೋಡೋಣ.

ಮೊದಲು ಜಮಾ. ಸಾಮಾನ್ಯ ಇಟ್ಟಿಗೆಯನ್ನು ಸೌದೆಯಿಂದಲೋ ಕಲ್ಲಿದ್ದಲಿನಿಂದಲೋ ಸುಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಅಜ್ಜಿಯರು ಕೇಳಿರುವ ಅಸ್ತ್ರ ಒಲೆ ಅಲ್ಲಿಯದೇ. ಅಲ್ಲಿನ ವಿಜ್ಞಾನಿಗಳು ಸುಡಬೇಕಿಲ್ಲದ ಮಣ್ಣಿನ ಇಟ್ಟಿಗೆಯನ್ನೂ ರೂಪಿಸಿದರು. ಮಣ್ಣು, ಮರಳಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು-ನಾಲ್ಕು ವಾರ ನೀರು ಹಾಕಿ ಗಟ್ಟಿಮಾಡುತ್ತಾರೆ. ಭಟ್ಟಿಯೂ ಬೇಡ, ಹೊಗೆಯೂ ಇಲ್ಲ.

ಇನ್ನು ಮಳೆ. 1 ಚದರ ಮೀಟರ್ ತಾರಸಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆ ವಾಡಿಕೆ. 100 ಚದರ ಮೀಟರ್ ತಾರಸಿಗೆ 90,000 ಲೀಟರ್! 6,000 ಲೀಟರಿನ ಟ್ಯಾಂಕರಾದರೆ ಹದಿನೈದು. ಎಲ್ಲವೂ ಕೈಗೆ ಸಿಗದಿದ್ದರೂ ಅರ್ಧ ಸಿಕ್ಕರೂ ಲಾಭವೇ.

ಈಗ ಖರ್ಚು. ಎಲ್ಲ ಮಣ್ಣೂ ಇಟ್ಟಿಗೆಗೆ ಒಗ್ಗದು. ನೆನೆದರೆ ಉಬ್ಬಿ, ಒಣಗಿದರೆ ಬಿರಿಯುವ ಎರೆಮಣ್ಣು ಹಾಗೇ ಬಳಸಲು ಬಾರದು. ಪಳಗಿದ ಗಾರೆಯವರು ಎಲ್ಲೆಡೆ ಸಿಗುವುದಿಲ್ಲ. ‘ಮಣ್ಣಿನ ಮನೆಯೇ?’ ಎಂದು ಮೂಗು ಮುರಿಯುವವರೂ ಇದ್ದಾರೆ.

ಎಲ್ಲಕ್ಕಿಂತ ದೊಡ್ಡ ತೊಡಕು ಲೆಕ್ಕದ್ದು. ಸೋಲಾರ್ ಹೀಟರಿಗೆ, ಮಳೆನೀರಿನ ತೊಟ್ಟಿಗೆ ಹಣ ಇವತ್ತೇ ಬೇಕು. ಉಳಿತಾಯ ಬರುವುದು ವರ್ಷವರ್ಷ, ಸ್ವಲ್ಪಸ್ವಲ್ಪ. ಸಾಲದ ಕಂತಿಗೇ ಒದ್ದಾಡುವವರಿಗೆ ಅಷ್ಟು ಕಾಯುವ ತ್ರಾಣವಿರದು. ಬಾಡಿಗೆ ಮನೆಯಲ್ಲಂತೂ ಹೀಟರ್ ಹಾಕಿಸುವವರು ಮಾಲೀಕರು, ಕರೆಂಟ್ ಬಿಲ್ ಉಳಿಯುವುದು ಬಾಡಿಗೆದಾರರಿಗೆ. ಹಾಗಾಗಿ ‘ನನಗೇನು ಲಾಭ?’ ಎಂದು ಮಾಲೀಕರು ಸುಮ್ಮನಾಗುತ್ತಾರೆ. ಕಡಿಮೆ ಬಡ್ಡಿಯ ಸಾಲ, ತೆರಿಗೆ ರಿಯಾಯಿತಿ ಇಲ್ಲಿ ನೆರವಾಗಬೇಕು.

ಆದರೆ ದುಡ್ಡೇ ಬೇಡದ ಹಸಿರೂ ಇದೆ. ಎದುರುಬದುರು ಕಿಟಕಿ ಇಟ್ಟರೆ ಗಾಳಿ ಆಡುತ್ತದೆ. ಪಶ್ಚಿಮಕ್ಕೊಂದು ಮರವಿದ್ದರೆ ಸಂಜೆಯ ಬಿಸಿಲು ತಗ್ಗುತ್ತದೆ. ಮನೆಯ ನಕ್ಷೆ ಬರೆಯುವಾಗಲೇ ಇದನ್ನು ಯೋಚಿಸಬೇಕು, ಅಷ್ಟೆ.

ಈ ಭಾನುವಾರ ಅಜ್ಜನ ಜೊತೆ ಟೇಪು ಹಿಡಿದು ನಿಮ್ಮ ತಾರಸಿ ಅಳೆಯಿರಿ. ನಿಮ್ಮೂರಿನ ಮಳೆಯಿಂದ ಗುಣಿಸಿ. ಎಷ್ಟು ಕೊಡ ನೀರು ಚರಂಡಿ ಸೇರುತ್ತಿದೆ, ಅಮ್ಮನಿಗೆ ಹೇಳಿ!