ಪತ್ರಿಕೆಗೆ ಬರೆಯುವುದು ಹೇಗೆ?

ವಾರ್ಷಿಕ ಸಂಚಿಕೆಗೆ ಲೇಖನಗಳನ್ನು ಕೊಡಬೇಕೆಂಬ ಸೂಚನೆಯು ಶಾಲೆಯ ಫಲಕದ ಮೇಲೆ ಕಾಣಿಸಿಕೊಂಡೊಡನೆ ಅನೇಕ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಏಳುತ್ತದೆ: “ಏನನ್ನು ಬರೆಯೋಣ?” ಕೆಲವರು ಹಳೆಯ ಪುಸ್ತಕಗಳನ್ನು ತಿರುವಿಹಾಕುತ್ತಾರೆ, ಕೆಲವರು ಅಣ್ಣನನ್ನೋ ಅಕ್ಕನನ್ನೋ ಕಾಡುತ್ತಾರೆ, ಇನ್ನು ಕೆಲವರು ಬೇರೆಯವರು ಬರೆದುದನ್ನೇ ನಕಲು ಮಾಡಿ, ಕೆಳಗೆ ತಮ್ಮ ಹೆಸರನ್ನು ಸೇರಿಸಿ ಕೊಡುತ್ತಾರೆ. ಬರೆಯಬೇಕೆಂಬ ಹಂಬಲವು ಒಳ್ಳೆಯದೇ ಸರಿ. ಆದರೆ ಸರಿಯಾದ ದಾರಿ ತಿಳಿಯದಿದ್ದರೆ ಆ ಹಂಬಲವು ಬೇಗನೆ ಬಾಡಿಹೋಗುವುದು. ಆ ದಾರಿಯ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಸಂಶಯವನ್ನು ಪರಿಹರಿಸಿಕೊಳ್ಳೋಣ. “ನಾವಿರುವುದು ಪುಣೆಯಲ್ಲಿ. ಬೀದಿಯಲ್ಲಿ ಮರಾಠಿ, ಬಸ್ಸಿನಲ್ಲಿ ಹಿಂದಿ, ಮನೆಯಲ್ಲಿ ಮಾತ್ರ ಕನ್ನಡ. ನಮಗೆ ಬರೆಯುವಷ್ಟು ಕನ್ನಡ ಎಲ್ಲಿಂದ ಬರಬೇಕು?” ಎಂದು ನಮ್ಮಲ್ಲಿ ಹಲವರು ಕೇಳುವುದುಂಟು. ಇದಕ್ಕೆ ನಮ್ಮ ಊರಿನ ಚರಿತ್ರೆಯೇ ಉತ್ತರ ಹೇಳುತ್ತದೆ. ಕನ್ನಡದ ಕುಲಪುರೋಹಿತರೆನಿಸಿದ ಆಲೂರು ವೆಂಕಟರಾಯರು ವಿದ್ಯಾರ್ಥಿಯಾಗಿ ಓದಿದುದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ಮುಂದೆ ಅವರು ‘ವಾಗ್ಭೂಷಣ’ ಪತ್ರಿಕೆಯನ್ನು ನೋಡಿಕೊಂಡರು. ೧೯೨೨ರಲ್ಲಿ ‘ಜಯ ಕರ್ನಾಟಕ’ವನ್ನು ಆರಂಭಿಸಿದರು. ಅದೇ ಕಾಲೇಜಿನಿಂದ ೧೯೧೮ರಲ್ಲಿ ಪದವಿಯನ್ನು ಪಡೆದ ಇನ್ನೊಬ್ಬ ವಿದ್ಯಾರ್ಥಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಅವರ ಮನೆಮಾತು ಮರಾಠಿ. ಆದರೂ ಕನ್ನಡಕ್ಕೆ ಅವರು ಕೊಟ್ಟ ಕವಿತೆಗಳನ್ನು ತಿಳಿಯದ ಕನ್ನಡಿಗನಿಲ್ಲ. ವಿ. ಕೃ. ಗೋಕಾಕರೂ ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. ಮರಾಠಿಯ ಶ್ರೇಷ್ಠ ಕಥೆಗಾರರಾದ ಜಿ. ಎ. ಕುಲಕರ್ಣಿಯವರು ಬಹುಕಾಲ ಧಾರವಾಡದಲ್ಲಿ ಅಧ್ಯಾಪಕರಾಗಿದ್ದುಕೊಂಡೇ ಮರಾಠಿಯಲ್ಲಿ ಬರೆದರು. ಆದುದರಿಂದ ಸುತ್ತಲೂ ಇನ್ನೊಂದು ಭಾಷೆಯಿರುವುದು ಬರವಣಿಗೆಗೆ ಅಡ್ಡಿಯಲ್ಲ. ಎರಡು ಭಾಷೆಗಳನ್ನು ಕೇಳಿ ಬೆಳೆದ ಕಿವಿಯು ಮಾತಿನ ಸೂಕ್ಷ್ಮವನ್ನು ಬೇಗನೆ ಹಿಡಿಯುವುದು.

ಇನ್ನು ವಿಷಯಕ್ಕೆ ಬರೋಣ. ಪತ್ರಿಕೆಗಳಲ್ಲಿ ನಾವು ಕಾಣುವ ಗದ್ಯ ಬರಹಗಳಲ್ಲಿ ಮುಖ್ಯವಾದವು ಎರಡು: ಲೇಖನ ಮತ್ತು ಸಣ್ಣಕಥೆ. ಲೇಖನವು ಓದುಗನಿಗೆ ತಿಳಿಯದ ಸಂಗತಿಯನ್ನು ತಿಳಿಸುತ್ತದೆ. ಕಥೆಯು ಓದುಗನನ್ನು ಇನ್ನೊಬ್ಬರ ಜೀವನದೊಳಗೆ ಸ್ವಲ್ಪ ಹೊತ್ತು ಕರೆದೊಯ್ಯುತ್ತದೆ. ಎರಡಕ್ಕೂ ಬೇಕಾದ ಮೊದಲನೆಯ ಗುಣವು ಒಂದೇ; ಬರೆಯುವವನು ತಾನು ಬರೆಯುತ್ತಿರುವುದನ್ನು ಚೆನ್ನಾಗಿ ತಿಳಿದಿರಬೇಕು.

ಲೇಖನವನ್ನು ಬರೆಯುವವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ವಿಷಯವನ್ನು ಬಹಳ ದೊಡ್ಡದಾಗಿ ಆರಿಸಿಕೊಳ್ಳುವುದು. ‘ಪುಣೆ ನಗರ’ ಎಂದು ತಲೆಬರಹವನ್ನಿಟ್ಟರೆ ಶಿವಾಜಿ ಮಹಾರಾಜರಿಂದ ಹಿಡಿದು ಇಂದಿನ ಮೆಟ್ರೋ ರೈಲಿನವರೆಗೆ ಎಲ್ಲವನ್ನೂ ಎರಡು ಪುಟಗಳಲ್ಲಿ ತುಂಬಬೇಕಾಗುತ್ತದೆ. ಓದುಗನಿಗೆ ಉಳಿಯುವುದು ಹೆಸರುಗಳ ಪಟ್ಟಿ ಮಾತ್ರ. ಅದಕ್ಕೆ ಬದಲಾಗಿ ೧೯೬೧ನೆಯ ಜುಲೈ ೧೨ರ ಒಂದೇ ದಿನವನ್ನು ಆರಿಸಿಕೊಳ್ಳಿರಿ. ಅಂದು ಕಟ್ಟಡದ ಕೆಲಸವು ಇನ್ನೂ ನಡೆಯುತ್ತಿದ್ದ ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ರಭಸವನ್ನು ತಡೆಯಲಾರದೆ ಕೆಳಗಿನ ಖಡಕವಾಸಲಾ ಅಣೆಕಟ್ಟೂ ಒಡೆಯಿತು. ಮುಠಾ ನದಿಯ ದಡದಲ್ಲಿದ್ದ ಪೇಟೆಗಳಿಗೆ ನೀರು ನುಗ್ಗಿತು. ಮನೆಗಳು ಮುಳುಗಿದ ಊರಿನಲ್ಲಿಯೇ ಮರುದಿನ ಕುಡಿಯುವ ನೀರಿಗೆ ಪರದಾಟವಾಯಿತು. ಏಕೆಂದರೆ ಊರಿಗೆ ನೀರನ್ನು ಕೊಡುತ್ತಿದ್ದುದು ಆ ಖಡಕವಾಸಲಾ ಕೆರೆಯೇ.

ಇಷ್ಟನ್ನು ಗ್ರಂಥಾಲಯದಿಂದ ತಿಳಿಯಬಹುದು. ಆದರೆ ಲೇಖನಕ್ಕೆ ಜೀವ ಬರುವುದು ಮುಂದಿನ ಕೆಲಸದಿಂದ. ನಿಮ್ಮ ಓಣಿಯಲ್ಲಿ ಆ ದಿನವನ್ನು ಕಂಡ ಹಿರಿಯರೊಬ್ಬರು ಇದ್ದಾರೆಯೇ? ಹೋಗಿ ವಿನಯದಿಂದ ಕೇಳಿರಿ. ನೀರು ಎಷ್ಟನೆಯ ಮೆಟ್ಟಿಲಿನವರೆಗೆ ಬಂದಿತು? ಮನೆಯಿಂದ ಹೊರಡುವಾಗ ಕೈಯಲ್ಲಿ ಏನನ್ನು ಹಿಡಿದುಕೊಂಡಿರಿ? ಹೇಳಿದುದನ್ನು ಅಲ್ಲಿಯೇ ಬರೆದುಕೊಳ್ಳಿರಿ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂಬುದನ್ನು ಬೇರೆಬೇರೆಯಾಗಿಡಿರಿ. ತಾರೀಖು, ಹೆಸರು, ಅಂಕಿಗಳನ್ನು ಎರಡು ಕಡೆ ನೋಡಿ ಖಚಿತಪಡಿಸಿಕೊಳ್ಳಿರಿ, ಖಚಿತವಾಗದಿದ್ದರೆ ಬಿಟ್ಟುಬಿಡಿರಿ. ಒಂದು ತಪ್ಪು ಅಂಕಿಯು ಇಡೀ ಲೇಖನದ ಮೇಲಿನ ನಂಬಿಕೆಯನ್ನು ಕೆಡಿಸುವುದು.

ಕಥೆಯ ವಿಷಯವಾಗಿ ನನ್ನ ಅನುಭವವನ್ನೇ ಹೇಳುತ್ತೇನೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ಕಥೆಯನ್ನು ಬರೆದು ಮಾಸಪತ್ರಿಕೆಯೊಂದಕ್ಕೆ ಕಳುಹಿಸಿದೆ. ಅದರಲ್ಲಿ ಒಂದು ಹಳ್ಳಿ, ಹಳ್ಳಿಯ ಪಕ್ಕದಲ್ಲಿ ಜುಳುಜುಳು ಹರಿಯುವ ತೊರೆ, ತೊರೆಯ ದಡದಲ್ಲಿ ತೆಂಗಿನ ತೋಟ, ತೋಟದಲ್ಲಿ ಬಡ ಹುಡುಗ ರಾಮು, ಕೊನೆಯಲ್ಲಿ ಅವನಿಗೆ ಸಿಕ್ಕುವ ಹಣದ ಗಂಟು, ಎಲ್ಲವೂ ಇದ್ದವು. ಎರಡು ತಿಂಗಳ ಮೇಲೆ ಕಥೆಯು ಹಿಂದಿರುಗಿ ಬಂದಿತು. ಅಂಚಿನಲ್ಲಿ ಸಂಪಾದಕರು ಕೆಂಪು ಪೆನ್ಸಿಲಿನಿಂದ ಒಂದೇ ಸಾಲನ್ನು ಬರೆದಿದ್ದರು: “ಈ ಹಳ್ಳಿಯನ್ನು ನೀವು ನೋಡಿದ್ದೀರಾ?”

ನಾನು ನೋಡಿರಲಿಲ್ಲ. ನಾನು ಹುಟ್ಟಿ ಬೆಳೆದುದು ಖಡಕಿಯ ಒಂದು ಚಾಳಿನಲ್ಲಿ. ಆ ತೊರೆ, ಆ ತೆಂಗು, ಆ ರಾಮು, ಎಲ್ಲವೂ ನಾನು ಓದಿದ ಕಥೆಗಳಿಂದ ಬಂದವುಗಳಾಗಿದ್ದವು. ಮೂರು ದಿನ ನನಗೆ ಸಿಟ್ಟು ಬಂದಿತ್ತು. ನಾಲ್ಕನೆಯ ದಿನ ನಾಚಿಕೆಯಾಯಿತು. ಆಗ ನನ್ನ ಕಣ್ಣಿಗೆ ಬಿದ್ದವಳು ನಮ್ಮ ಅಜ್ಜಿ. ಅವಳು ವಿಜಾಪುರದ ಕಡೆಯ ಹಳ್ಳಿಯಿಂದ ಬಂದು ಹತ್ತು ವರ್ಷಗಳಾಗಿದ್ದರೂ ಮರಾಠಿಯನ್ನು ಕಲಿತಿರಲಿಲ್ಲ. ಆದರೂ ಪ್ರತಿದಿನ ಒಬ್ಬಳೇ ಹೋಗಿ ಕಾಯಿಪಲ್ಯವನ್ನು ಕೊಂಡು ತರುತ್ತಿದ್ದಳು. “ಯವ್ವಾ, ಇಷ್ಟ್ ತುಟ್ಟಿ ಹೇಳಬ್ಯಾಡ” ಎಂದು ಅವಳು ಕನ್ನಡದಲ್ಲಿ ಹೇಳುವಳು. ಮಾರುವವಳು ಮರಾಠಿಯಲ್ಲಿ ಬಯ್ಯುವಳು. ಕೊನೆಗೆ ಇಬ್ಬರೂ ನಗುವರು. ಒಂದು ದಿನ ಆ ಮಾರುವವಳು ಬರಲಿಲ್ಲ. ಅಜ್ಜಿಯು ಬರಿಗೈಯಲ್ಲಿ ಹಿಂದಿರುಗಿ, ಬಾಗಿಲಿನಲ್ಲಿ ಕುಳಿತು, ಬಹಳ ಹೊತ್ತಿನವರೆಗೆ ಮಾತನಾಡಲಿಲ್ಲ.

ನಾನು ಇದನ್ನು ಬರೆದೆ. ಇದರಲ್ಲಿ ಹಣದ ಗಂಟಿಲ್ಲ, ಕಳ್ಳರಿಲ್ಲ, ಅದೃಷ್ಟವೂ ಇಲ್ಲ. ಆದರೆ ಸಣ್ಣಕಥೆಗೆ ಬೇಕಾದುದೆಲ್ಲವೂ ಇದೆ: ಒಂದು ಮುಖ್ಯ ಪಾತ್ರ, ಒಂದು ಘಟನೆ, ಆ ಘಟನೆಯಿಂದ ಪಾತ್ರದ ಮನಸ್ಸಿನಲ್ಲಾದ ಒಂದು ಬದಲಾವಣೆ. ಅಜ್ಜಿಗೆ ದುಃಖವಾಯಿತೆಂದು ನಾನು ಬರೆಯಬೇಕಾಗಿರಲಿಲ್ಲ. ಬರಿದಾದ ಚೀಲವೇ ಅದನ್ನು ಹೇಳಿತು. ಅಜ್ಜಿಯ ಮಾತನ್ನು ಪಠ್ಯಪುಸ್ತಕದ ಭಾಷೆಗೆ ತಿದ್ದಲೂ ಇಲ್ಲ. ಕಥೆಗಾರನ ಮಾತು ಗ್ರಂಥಸ್ಥವಾಗಿರಲಿ. ಪಾತ್ರಗಳು ಮಾತ್ರ ತಮ್ಮ ಊರಿನ ಮಾತನ್ನೇ ಆಡಲಿ. ಈ ಕಥೆಯೂ ಒಮ್ಮೆ ಹಿಂದಿರುಗಿ ಬಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಅದರ ಮೊದಲ ಪುಟವೆಲ್ಲ ಪೀಠಿಕೆಯಾಗಿತ್ತು. ಅದನ್ನು ತೆಗೆದುಹಾಕಿ ಇನ್ನೊಂದು ಪತ್ರಿಕೆಗೆ ಕಳುಹಿಸಿದೆ, ಅಚ್ಚಾಯಿತು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಓದಿ ಹೇಳಿದಾಗ, “ನನ್ ಮಾತು ಇದರಾಗ ಹ್ಯಾಂಗ ಬಂತೋ?” ಎಂದು ಪುಟವನ್ನು ಮುಟ್ಟಿ ನೋಡಿದಳು.

ಬರೆದುದನ್ನು ಒಡನೆಯೇ ಕಳುಹಿಸಕೂಡದು. ಒಂದು ವಾರ ಪೆಟ್ಟಿಗೆಯಲ್ಲಿಟ್ಟು ಮತ್ತೆ ಗಟ್ಟಿಯಾಗಿ ಓದಿರಿ. ನಾಲಗೆಯು ತಡವರಿಸಿದ ಕಡೆ ವಾಕ್ಯವನ್ನು ತಿದ್ದಿರಿ. ಒಬ್ಬ ಗೆಳೆಯನಿಗೆ ಓದಿ ಹೇಳಿರಿ. ಅವನು ಆಕಳಿಸಿದ ಭಾಗವನ್ನು ಗುರುತಿಸಿಕೊಳ್ಳಿರಿ.

ಕಳುಹಿಸುವ ಪತ್ರಿಕೆಯ ನಾಲ್ಕಾರು ಸಂಚಿಕೆಗಳನ್ನು ಮೊದಲು ಓದಬೇಕು. ೧೯೬೫ರಲ್ಲಿ ಆರಂಭವಾದ ‘ಸುಧಾ’ ವಾರಪತ್ರಿಕೆಗೆ ಒಪ್ಪುವ ಬರಹವು ೧೯೬೮ರಲ್ಲಿ ಆರಂಭವಾದ ‘ಮಯೂರ’ ಮಾಸಪತ್ರಿಕೆಗೆ ಒಪ್ಪಬೇಕೆಂದಿಲ್ಲ. ಎಷ್ಟು ಉದ್ದದ ಬರಹಗಳನ್ನು ಅವರು ಅಚ್ಚು ಹಾಕುತ್ತಾರೆಂಬುದನ್ನು ಎಣಿಸಿ ನೋಡಿರಿ. ಕೈಬರಹವಾದರೆ ಹಾಳೆಯ ಒಂದೇ ಬದಿಯಲ್ಲಿ, ಅಂಚು ಬಿಟ್ಟು, ಸ್ಫುಟವಾಗಿ ಬರೆಯಿರಿ. ಒಂದು ಪ್ರತಿಯನ್ನು ನಿಮ್ಮಲ್ಲಿಟ್ಟುಕೊಳ್ಳಿರಿ. ಅಂಚೆಯಲ್ಲಿ ಕಳುಹಿಸುವುದಾದರೆ ನಿಮ್ಮ ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಲಕೋಟೆಯನ್ನು ಜೊತೆಗಿಡಿರಿ. ಇಮೇಲಿನಲ್ಲಿ ಕಳುಹಿಸುವುದಾದರೂ ಹೆಸರು, ವಿಳಾಸಗಳನ್ನು ಮರೆಯಬೇಡಿರಿ. ಒಂದೇ ಬರಹವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸುವುದು ಸಲ್ಲದು. ಪರರ ಬರಹವನ್ನು ತನ್ನದೆಂದು ಕೊಡುವುದಂತೂ ಕಳವೇ ಸರಿ. ಪುಸ್ತಕದಿಂದ ತೆಗೆದರೂ ಅಷ್ಟೇ, ಮೊಬೈಲಿನಿಂದ ತೆಗೆದರೂ ಅಷ್ಟೇ.

ಹಳ್ಳಿಯ ತೊರೆಯನ್ನು ಬರೆಯಲು ಅದರ ದಡದಲ್ಲಿ ಬೆಳೆದವರಿದ್ದಾರೆ. ಆದರೆ ಚಾಳಿನ ನಲ್ಲಿಯ ಮುಂದೆ ಸಾಲಾಗಿ ನಿಂತ ಕೊಡಗಳನ್ನು, ಹೋಟೆಲಿನಲ್ಲಿ ರಾತ್ರಿಯವರೆಗೆ ದುಡಿದು ಬರುವ ಉಡುಪಿಯ ಅಣ್ಣನನ್ನು, ಕಟ್ಟಡದ ಕೆಲಸಕ್ಕೆ ಬಂದ ಕಲಬುರ್ಗಿಯ ತಾಯಿಯನ್ನು ಕನ್ನಡದಲ್ಲಿ ಯಾರು ಬರೆಯಬೇಕು? ಧಾರವಾಡದವರಾಗಲಿ ಬೆಂಗಳೂರಿನವರಾಗಲಿ ಇವರನ್ನು ದಿನವೂ ಕಾಣುವುದಿಲ್ಲ, ಕಾಣುವವರು ನಾವು. ನಾವು ಬರೆಯದಿದ್ದರೆ ಅವರ ಮಾತು ಅವರೊಡನೆಯೇ ಹೋಗಿಬಿಡುವುದು. ಆದುದರಿಂದ ಮುಂದಿನ ವರ್ಷ ಫಲಕದ ಮೇಲೆ ಸೂಚನೆ ಬರುವವರೆಗೆ ಕಾಯದೆ, ಇಂದೇ ನೂರು ಪುಟದ ಒಂದು ವಹಿಯನ್ನು ಕೊಂಡುತನ್ನಿರಿ. ದಿನಕ್ಕೆ ಹತ್ತು ಸಾಲುಗಳನ್ನು ಬರೆಯಿರಿ. ಹನಿಗೂಡಿದರೆ ಹಳ್ಳವಲ್ಲವೇ?