ದೀಪ ಹಸಿರಾಗಿದ್ದರೂ ಪುಟ ತೆರೆಯದಿದ್ದಾಗ

ಜರ್ಮನಿಗೆ ಬಂದ ಕನ್ನಡಿಗರಿಗೆ ಮನೆ ದೊರೆತೊಡನೆ ಅಂತರಜಾಲ ಸಂಪರ್ಕವೂ ಬೇಕು. ಊರಿನ ತಂದೆ–ತಾಯಿಯ ಮುಖ ಕಾಣಿಸುವುದು ಅದರಿಂದಲೇ. ಮನೆಯಿಂದ ಕಚೇರಿಯ ಕೆಲಸ ನಡೆಯುವುದೂ ಅದರಿಂದಲೇ.

ಇಲ್ಲಿನ ಅನೇಕ ಡಿಎಸ್‌ಎಲ್ ಸಂಪರ್ಕಗಳು ಇಂದಿಗೂ ಹಳೆಯ ಡಯಲ್-ಅಪ್ ಕ್ರಮವನ್ನು ಉಳಿಸಿಕೊಂಡಿವೆ. ದೂರವಾಣಿ ಸಂಖ್ಯೆ ಒತ್ತುವುದಿಲ್ಲ, ನಿಜ. ಆದರೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಒಪ್ಪಿಸಿದ ಮೇಲೆಯೇ ರೂಟರಿಗೆ ವಿಳಾಸ ದೊರೆಯುತ್ತದೆ. 1999ರಲ್ಲಿ ಪ್ರಕಟವಾದ ಈ ಪದ್ಧತಿಯ ಹೆಸರು ಪಿಪಿಪಿಒಇ.

ಇದರಲ್ಲಿ ಒಂದು ವಿಚಿತ್ರ ತೊಂದರೆ ಉಂಟು. ರೂಟರಿನ ದೀಪ ಹಸಿರಾಗಿರುತ್ತದೆ, ಕಿರುಸಂದೇಶ ಊರಿಗೆ ತಲುಪುತ್ತದೆ. ಆದರೆ ಬ್ಯಾಂಕಿನ ಪುಟ ಅರ್ಧಕ್ಕೇ ನಿಲ್ಲುತ್ತದೆ, ಕಚೇರಿಯ ಕಡತ ಇಳಿಯುವುದಿಲ್ಲ. ಈಥರ್‌ನೆಟ್‌ನ ಒಂದು ಪೊಟ್ಟಣ ಸಾಮಾನ್ಯವಾಗಿ 1500 ಬೈಟ್ ಹೊರುತ್ತದೆ. ಅದರಲ್ಲಿ 8 ಬೈಟ್ ಪಿಪಿಪಿಒಇಗೆ ಸಂದರೆ ಉಳಿಯುವುದು 1492. ಇದಕ್ಕಿಂತ ದೊಡ್ಡದು ಬಂದಾಗ ‘ಚಿಕ್ಕದಾಗಿ ಕಳುಹಿಸಿ’ ಎಂಬ ಐಸಿಎಂಪಿ ಸೂಚನೆ ಕಳುಹಿಸಿದ ಕಡೆಗೆ ಮರಳಬೇಕು. ಭದ್ರತೆಯ ಹೆಸರಿನಲ್ಲಿ ದಾರಿಯ ಯಾವುದೋ ಫೈರ್‌ವಾಲ್ ಐಸಿಎಂಪಿಯನ್ನೆಲ್ಲ ತಡೆದರೆ ಆ ಸೂಚನೆ ತಲುಪುವುದಿಲ್ಲ. ಎರಡೂ ಕಡೆಯವರು ಸುಮ್ಮನೆ ಕಾಯುತ್ತಾರೆ. ರೂಟರಿನಲ್ಲಿ ಎಂಟಿಯು 1492, ಎಂಎಸ್‌ಎಸ್ 1452 ಎಂದು ನಿಗದಿಪಡಿಸುವುದೇ ಇದಕ್ಕೆ ಪರಿಹಾರ.

ಲಿನಕ್ಸ್ ಗಣಕವನ್ನೇ ರೂಟರನ್ನಾಗಿ ಮಾಡಿಕೊಂಡವರು ಇನ್ನೊಂದನ್ನು ಗಮನಿಸಬೇಕು. ಆ ಗಣಕದಿಂದ ಹೊರಜಗತ್ತು ಕಾಣಿಸಿ, ಮನೆಯ ಉಳಿದ ಯಂತ್ರಗಳಿಂದ ಕಾಣಿಸದಿದ್ದರೆ, ಪೊಟ್ಟಣಗಳನ್ನು ಮುಂದಕ್ಕೆ ಕಳುಹಿಸುವ ಅನುಮತಿಯನ್ನೂ ವಿಳಾಸ ಬದಲಾವಣೆಯ, ಎಂದರೆ ನ್ಯಾಟ್‌ನ, ನಿಯಮವನ್ನೂ ಪರೀಕ್ಷಿಸಬೇಕು. ಆ ನಿಯಮ ಇರಬೇಕಾದುದು ಈಥರ್‌ನೆಟ್ ಕಿಂಡಿಯ ಮೇಲಲ್ಲ. ಲಾಗಿನ್ ಆದಾಗ ಹುಟ್ಟುವ ಪಿಪಿಪಿ ಸಂಪರ್ಕದ ಮೇಲೆ. ಮರುಸಂಪರ್ಕವಾದಾಗ ವಿಳಾಸ ಬದಲಾಗುವುದುಂಟು; ಆದ್ದರಿಂದ ನಿಯಮದಲ್ಲಿ ಸ್ಥಿರ ವಿಳಾಸ ಬರೆಯದೆ ‘ಮಾಸ್ಕರೇಡ್’ ಬಳಸುವುದು ಲೇಸು.

ಊರಿನ ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗಾಗಿ ಕ್ಯಾಮೆರಾ ಅಳವಡಿಸಿ, ಅದನ್ನು ಇಲ್ಲಿಂದ ನೇರವಾಗಿ ನೋಡಬಯಸುವವರ ಸಮಸ್ಯೆ ಬೇರೆ. ಅಲ್ಲಿನ ರೂಟರಿಗೆ ದೊರೆತ ವಿಳಾಸ 100.64ರಿಂದ 100.127ರವರೆಗಿನ ಅಂಕೆಗಳಿಂದ ಆರಂಭವಾದರೆ, ಕಂಪನಿಯೇ ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸಿದೆ ಎಂದು ತಿಳಿಯಬೇಕು. ಆಗ ರೂಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಫಲವಿಲ್ಲ. ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು, ಇಲ್ಲವೇ ಒಳಗಿನಿಂದಲೇ ಹೊರಗೆ ಸಂಪರ್ಕ ಸಾಧಿಸುವ ವಿಪಿಎನ್ ಬಳಸಬೇಕು.

ಸಿಟ್ಟಿನಲ್ಲಿ ಫೈರ್‌ವಾಲನ್ನೇ ಆರಿಸಿಬಿಡುವುದು ಮಾತ್ರ ಸಲ್ಲದು. ಲಾಗಿನ್, ವಿಳಾಸ, ನ್ಯಾಟ್, ಪೊಟ್ಟಣದ ಗಾತ್ರ: ಈ ಕ್ರಮದಲ್ಲಿ ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ದೋಷ ಎಲ್ಲಿದೆಯೆಂದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಪರದೇಶಕ್ಕೆ ಹೊರಡುವ ಮುನ್ನ ಊರಿನ ರೂಟರಿನ ಲಾಗಿನ್ ವಿವರಗಳನ್ನು ಬರೆದು, ಮನೆಯಲ್ಲಿ ನಂಬಿಕೆಯವರ ಕೈಗೆ ಕೊಟ್ಟು ಬನ್ನಿ.