ಆಟ ಮುಗಿದ ಮೇಲಿನ ಆಟ

ಕಾಲ್ಚೆಂಡಿನ ಆಟಕ್ಕೆ ತೊಂಬತ್ತು ನಿಮಿಷಗಳ ಕಟ್ಟಳೆಯುಂಟು. ಆ ಆಟವನ್ನು ಕುರಿತ ಮಾತಿಗೆ ಯಾವ ಕಟ್ಟಳೆಯೂ ಇಲ್ಲ. ರೆಫರಿ ಕೊನೆಯ ಸೀಟಿ ಊದಿದೊಡನೆ ಆಡಿದವರು ಬೆವರೊರಸಿಕೊಂಡು ಹೊರಟುಹೋಗುತ್ತಾರೆ. ನೋಡಿದವರ ಆಟ ಆಗ ಮೊದಲಾಗುತ್ತದೆ. ಚೆಂಡನ್ನು ಯಾರಿಗೆ ಕೊಡಬೇಕಾಗಿತ್ತು, ಯಾರನ್ನು ಇಳಿಸಿದ್ದೇ ತಪ್ಪಾಯಿತು, ಇಂದಿನ ಗೋಲು ಇಪ್ಪತ್ತು ವರ್ಷದ ಹಿಂದಿನ ಆ ಇನ್ನೊಂದು ಗೋಲಿನ ಮುಂದೆ ನಿಂತೀತೇ — ಇವು ಎಂದಿಗೂ ತೀರದ ವ್ಯಾಜ್ಯಗಳು. ನಾನು ಚಿಕ್ಕಂದಿನಲ್ಲಿ ನಮ್ಮೂರಿನ ಜಗಲಿಯ ಮೇಲೆ, ಭಾರತವಾಚನ ಮುಗಿದ ಬಳಿಕ, ಕರ್ಣ ಹೆಚ್ಚೋ ಅರ್ಜುನ ಹೆಚ್ಚೋ ಎಂದು ಸರಿರಾತ್ರಿಯವರೆಗೆ ವಾದಿಸುತ್ತಿದ್ದ ಹಿರಿಯರನ್ನು ಕಂಡಿದ್ದೇನೆ. ಗೆದ್ದವರು ಯಾರೆಂಬುದು ಎಲ್ಲರಿಗೂ ತಿಳಿದಿದ್ದ ಸಂಗತಿಯೇ. ಆದರೂ ಕರ್ಣನ ಪಕ್ಷದವರು ಒಂದು ದಿನವೂ ಸೋಲೊಪ್ಪಿದ್ದಿಲ್ಲ.

ಆ ಜಗಲಿಯನ್ನು ನಾನು ಮತ್ತೆ ಕಂಡದ್ದು ಕೊಲ್ಕತ್ತೆಯಲ್ಲಿ. 2015ರ ಡಿಸೆಂಬರಿನಲ್ಲಿ ಅನುವಾದವನ್ನು ಕುರಿತ ವಿಚಾರಸಂಕಿರಣಕ್ಕೆಂದು ಹೋದವನು ಅಲ್ಲಿನ ಅಧ್ಯಾಪಕ ಮಿತ್ರರೊಬ್ಬರ ಮನೆಯಲ್ಲಿ ನಾಲ್ಕು ದಿನ ಇಳಿದುಕೊಂಡಿದ್ದೆ. ಬಂಗಾಳಿಗಳು ಮನೆಯ ಮುಂದಿನ ಕಟ್ಟೆಗೆ ‘ರೋಯಾಕ್’ ಎನ್ನುತ್ತಾರೆ. ಅಲ್ಲಿ ಕುಳಿತು ನಡೆಸುವ ಹರಟೆಗೆ ‘ಅಡ್ಡಾ’ ಎನ್ನುತ್ತಾರೆ. ಮಿತ್ರರ ಬೀದಿಯ ಕಟ್ಟೆಯ ಮೇಲೆ ಪ್ರತಿ ಬೆಳಗ್ಗೆ ಇಬ್ಬರು ವೃದ್ಧರು ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದು ಜಗಳವಾಡುತ್ತಿದ್ದರು. ಒಬ್ಬರು ನಿವೃತ್ತ ರೈಲ್ವೆ ಗುಮಾಸ್ತರು, ಮೂಲತಃ ಬಾರಿಸಾಲ ಕಡೆಯವರು. ಮತ್ತೊಬ್ಬರು ಔಷಧದ ಅಂಗಡಿ ನಡೆಸಿದವರು, ಶ್ಯಾಮಬಜಾರಿನ ಹಳೆಯ ಮನೆತನ. ಮೊದಲನೆಯವರದು ಈಸ್ಟ್ ಬೆಂಗಾಲ್ ಕ್ಲಬ್ಬು. ಎರಡನೆಯವರದು ಮೋಹನ್ ಬಾಗಾನ್. ಐವತ್ತು ವರ್ಷಗಳಿಂದ ನಡೆದುಬಂದ ಜಗಳವದು.

ಮಿತ್ರರು ನನ್ನನ್ನು ಪರಿಚಯಿಸಿದಾಗ ಔಷಧದ ಅಂಗಡಿಯವರು, “ಬನ್ನಿ ಮಾಸ್ಟರ್‌ಮಶಾಯ್, ಕೂಡಿ. ನೀವು ಯಾವ ಪಕ್ಷ?” ಎಂದು ಕೇಳಿದರು. ಈಸ್ಟ್ ಬೆಂಗಾಲಿನ ಬಣ್ಣ ಕೆಂಪು-ಹಳದಿ ಎಂದು ತಿಳಿದು, ನಮ್ಮ ನಾಡಿನ ಬಾವುಟದ ಬಣ್ಣವೂ ಅದೇ ಅಲ್ಲವೇ ಎಂದು ನಾನು ಬಾಯಿ ತೆರೆದೆ. ಗುಮಾಸ್ತರು ತೊಡೆ ತಟ್ಟಿ ನಕ್ಕರು. “ಬಣ್ಣ ನೋಡಿ ಪಕ್ಷ ಸೇರಬೇಡಿ, ಚರಿತ್ರೆ ಕೇಳಿ ಸೇರಿ” ಎಂದು ಮತ್ತೊಬ್ಬರು ಗದರಿಸಿ, ಚರಿತ್ರೆಯನ್ನು ಹೇಳತೊಡಗಿದರು.

ಅವರ ಚರಿತ್ರೆಯ ಮೊದಲ ಪುಟ 1911ರ ಜುಲೈ 29. ಅಂದು ಐ.ಎಫ್.ಎ. ಷೀಲ್ಡ್ ಪಂದ್ಯಾವಳಿಯ ಕೊನೆಯ ಪಂದ್ಯದಲ್ಲಿ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನಿನ ಬಿಳಿಯರನ್ನು 2-1ರಿಂದ ಸೋಲಿಸಿತು. ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟವನು ಒಬ್ಬನೇ, ಉಳಿದವರೆಲ್ಲರದು ಬರಿಗಾಲು. ಮೊದಲ ಗೋಲು ಬಿಳಿಯರದಾದರೂ ಶಿವದಾಸ ಭಾದುಡಿ ಸಮಮಾಡಿದರು, ಅಭಿಲಾಷ ಘೋಷ್ ಗೆಲ್ಲಿಸಿದರು. ಮೈದಾನದ ಹತ್ತಿರಕ್ಕೂ ಬರಲಾರದಷ್ಟು ದೂರದಲ್ಲಿ ನಿಂತಿದ್ದ ಜನಕ್ಕೆ ಗಾಳಿಪಟ ಹಾರಿಸಿ ಗೋಲಿನ ಲೆಕ್ಕ ತಿಳಿಸಿದರಂತೆ. “ನನ್ನ ಅಜ್ಜ ನೋಡಿದ್ದು ಆ ಗಾಳಿಪಟವನ್ನು ಮಾತ್ರ. ಆದರೆ ಆ ಎರಡು ಗೋಲುಗಳನ್ನು ಅವರು ನಮಗೆ ಹೇಳುತ್ತಿದ್ದುದನ್ನು ನೀವು ಕೇಳಬೇಕಾಗಿತ್ತು!” ಎಂದರು ಅಂಗಡಿಯವರು. ಅಜ್ಜ ಕಾಣದ ಗೋಲನ್ನು ಮೊಮ್ಮಗ ನನಗೆ ಕೈಯಾಡಿಸಿ ತೋರಿಸಿದರು. ನಾನೂ ಕಂಡೆನೆಂದೇ ಭಾಸವಾಯಿತು.

ಗುಮಾಸ್ತರ ಚರಿತ್ರೆ ಬೇರೆ. 1920ರಲ್ಲಿ ಜೋಡಾಬಾಗಾನ್ ಎಂಬ ಕ್ಲಬ್ಬು ಮೋಹನ್ ಬಾಗಾನ್ ವಿರುದ್ಧದ ಪಂದ್ಯಕ್ಕೆ ಶೈಲೇಶ ಬಸು ಎಂಬ ಆಟಗಾರನನ್ನು ಕೈಬಿಟ್ಟಿತು. ಅದರಿಂದ ನೊಂದ ಸುರೇಶಚಂದ್ರ ಚೌಧುರಿಯವರು ಆ ಕ್ಲಬ್ಬನ್ನು ತೊರೆದು ಕೆಲವೇ ದಿನಗಳಲ್ಲಿ, ಆಗಸ್ಟ್ ತಿಂಗಳಿನಲ್ಲಿ, ಗೆಳೆಯರೊಡನೆ ಹೊಸ ಕ್ಲಬ್ಬನ್ನು ಕಟ್ಟಿದರು. ಪೂರ್ವಬಂಗಾಳದ ಮೂಲದವರಾದ್ದರಿಂದ ಅದಕ್ಕೆ ತಮ್ಮ ಸೀಮೆಯ ಹೆಸರನ್ನೇ ಇಟ್ಟರು. 1947ರಲ್ಲಿ ದೇಶ ಒಡೆದಾಗ ಲಕ್ಷಾಂತರ ಜನ ಆ ಸೀಮೆಯಿಂದ ಕೊಲ್ಕತ್ತೆಗೆ ಬಂದರು. ಗುಮಾಸ್ತರ ತಂದೆಯೂ ಒಂದು ತಗಡಿನ ಪೆಟ್ಟಿಗೆಯೊಡನೆ ಬಂದರು. 1955ರಲ್ಲಿ ಆ ಪ್ರಾಂತಕ್ಕೆ ಪೂರ್ವಪಾಕಿಸ್ತಾನವೆಂಬ ಹೆಸರಾಯಿತು, 1971ರಲ್ಲಿ ಬಾಂಗ್ಲಾದೇಶವಾಯಿತು. “ಮನೆ ಹೋಯಿತು, ಹೊಳೆ ಹೋಯಿತು, ಕೊನೆಗೆ ಭೂಪಟದಿಂದ ಹೆಸರೂ ಹೋಯಿತು. ಹೆಸರು ಉಳಿದದ್ದು ಒಂದೇ ಕಡೆ, ಆ ಹನ್ನೊಂದು ಜನರ ಅಂಗಿಯ ಮೇಲೆ” ಎಂದರು ಅವರು. ಅಲ್ಲಿಯವರೆಗೆ ನಗುತ್ತಿದ್ದ ನಾನು ಆ ಮಾತಿಗೆ ಸುಮ್ಮನಾದೆ.

ಅಭಿಮಾನಿಗಳಿಗೆ ಮೆಚ್ಚಿನ ಗೋಲು ಯಾವುದೆಂದು ಕೇಳುವುದು ಒಂದು ಬಗೆಯಲ್ಲಿ ಅವರ ಕುಲಗೋತ್ರವನ್ನು ಕೇಳಿದಂತೆಯೇ ಸರಿ. 1975ರ ಷೀಲ್ಡ್ ಫೈನಲಿನಲ್ಲಿ ಈಸ್ಟ್ ಬೆಂಗಾಲ್ ತಂಡ ಮೋಹನ್ ಬಾಗಾನನ್ನು 5-0ರಿಂದ ಸೋಲಿಸಿತು. ಆ ಐದರಲ್ಲಿ ಎರಡು ಶ್ಯಾಮ ಥಾಪಾ ಅವರವು. ಗುಮಾಸ್ತರು ಐದನ್ನೂ ವಿಷ್ಣುಸಹಸ್ರನಾಮದಂತೆ ಒಪ್ಪಿಸಿದರು. ಅಂಗಡಿಯವರು ಕೇಳದವರಂತೆ ಚಹಾ ಹೀರಿ, “1978ರ ಲೀಗ್ ಪಂದ್ಯವನ್ನೂ ಹೇಳಿಬಿಡೋ” ಎಂದರು. ಆ ವರ್ಷ ಮೋಹನ್ ಬಾಗಾನಿನ ಅಂಗಿ ತೊಟ್ಟಿದ್ದ ಒಬ್ಬ ಆಟಗಾರ ನೆಲಕ್ಕೆ ಬೆನ್ನುಮಾಡಿ ಗಾಳಿಯಲ್ಲಿ ಮಲಗಿ, ತಲೆಯ ಮೇಲಿಂದ ಚೆಂಡನ್ನು ಒದ್ದು ಈಸ್ಟ್ ಬೆಂಗಾಲಿನ ಬಲೆಗೆ ಹಾಕಿದ. ಆತನ ಹೆಸರೂ ಶ್ಯಾಮ ಥಾಪಾ! ನಡುವೆ ಪಕ್ಷ ಬದಲಾಗಿತ್ತು. ಹೀಗೆ ಈ ಇಬ್ಬರು ವೃದ್ಧರೂ ಸುಮಾರು ನಾಲ್ಕು ದಶಕ ಕಾಪಾಡಿಕೊಂಡು ಬಂದ ಮೆಚ್ಚಿನ ಗೋಲುಗಳು ಒಬ್ಬನೇ ಆಟಗಾರನ ಕಾಲಿನಿಂದ ಬಂದವು. ಆಟಗಾರ ಪಕ್ಷ ಬದಲಾಯಿಸಬಹುದು. ಅಭಿಮಾನಿಗೆ ಆ ಸ್ವಾತಂತ್ರ್ಯವಿಲ್ಲ.

‘ಪಂಡಿತ’ ಎಂಬ ನಮ್ಮ ಶಬ್ದ ಸಮುದ್ರ ದಾಟಿ ಹೋಗಿ ಇಂಗ್ಲಿಷಿನಲ್ಲಿ ನೆಲಸಿ, ಈಗ ಆಟದ ವಿಮರ್ಶೆ ಮಾಡುವವನಿಗೆ ಬಿರುದಾಗಿದೆ. ಕೊಲ್ಕತ್ತೆಗೆ ಇಂಥ ಪಂಡಿತರ ಕೊರತೆ ಎಂದೂ ಇದ್ದಿಲ್ಲ. ಒಂದು ಕಾಲಕ್ಕೆ ಅಜಯ ಬಸು, ಪುಷ್ಪೇನ ಸರ್ಕಾರ್, ಕಮಲ ಭಟ್ಟಾಚಾರ್ಯ ಇವರ ಬಂಗಾಳಿ ವೀಕ್ಷಕವಿವರಣೆ ಆಕಾಶವಾಣಿಯಲ್ಲಿ ಬರುವಾಗ ಬೀದಿಗಳು ಬರಿದಾಗುತ್ತಿದ್ದವಂತೆ. ಪತ್ರಿಕೆಯಲ್ಲಿ ಬರೆಯುತ್ತಿದ್ದ ಮೋತಿ ನಂದಿಯವರು ‘ಸ್ಟ್ರೈಕರ್’, ‘ಸ್ಟಾಪರ್’ ಎಂಬ ಕಾದಂಬರಿಗಳನ್ನೇ ಬರೆದರು. ತರಬೇತುದಾರರೂ ಮಾತಿನ ಮಲ್ಲರೇ. ಪಿ.ಕೆ. ಬ್ಯಾನರ್ಜಿಯವರು ಆಟಕ್ಕೆ ಮುಂಚೆ ಆಟಗಾರರಿಗೆ ಹೇಳುತ್ತಿದ್ದ ಮಾತಿಗೆ ‘ಮಾತಿನ ಟಾನಿಕ್ಕು’ ಎಂದೇ ಹೆಸರು. 1997ರ ಜುಲೈ 13ರಂದು ಫೆಡರೇಷನ್ ಕಪ್ಪಿನ ಸೆಮಿಫೈನಲಿಗೆ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಒಂದು ಲಕ್ಷ ಮೂವತ್ತೊಂದು ಸಾವಿರ ಜನ ಸೇರಿದ್ದರು. ಮೋಹನ್ ಬಾಗಾನಿನ ಗುರು ಅಮಲ ದತ್ತರು ತಮ್ಮ ‘ಡೈಮಂಡ್’ ವ್ಯೂಹವನ್ನು ಹೊಗಳಿಕೊಂಡು, ಎದುರಾಳಿಗಳ ಹೆಸರುಗಳನ್ನು ಅಣಕಿಸಿದ್ದರು. ಹಾಗೆ ಅಣಕಕ್ಕೆ ಗುರಿಯಾಗಿದ್ದ ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದರು; ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು. “ಪಂಡಿತರು ಆಟಕ್ಕೆ ಮುಂಚೆ ಬಾಯಿ ತೆರೆಯಬಾರದು, ನಮ್ಮ ಹಾಗೆ ಮುಗಿದ ಮೇಲೆ ತೆರೆಯಬೇಕು” ಎಂಬುದು ಗುಮಾಸ್ತರ ಸಿದ್ಧಾಂತ. ವಿಮರ್ಶೆಯ ಪಾಠ ಹೇಳುವ ನನಗೂ ಅದು ಅನ್ವಯಿಸುತ್ತದೆಂದು ಮಿತ್ರರು ನನ್ನನ್ನು ನೋಡಿ ನಕ್ಕರು.

ಈ ಅಭಿಮಾನ ಎಲ್ಲ ಕಾಲಕ್ಕೂ ನಗೆಯ ಮಾತಾಗಿರಲಿಲ್ಲ. 1975ರ ಆ ಸೋಲನ್ನು ತಾಳಲಾರದೆ ಮೋಹನ್ ಬಾಗಾನಿನ ತರುಣ ಅಭಿಮಾನಿಯೊಬ್ಬ ಪ್ರಾಣ ಕಳೆದುಕೊಂಡ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಎರಡು ಪಕ್ಷಗಳವರೂ ಹೊಡೆದಾಡಿ, ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಸತ್ತರು. ಆಟ ನೋಡಲು ಮನೆಯಿಂದ ಹೊರಟ ಮಕ್ಕಳು ಹಿಂತಿರುಗಲಿಲ್ಲ. ಅದರ ನೆನಪಿಗೆ ಆ ನಗರದಲ್ಲಿ ಆಗಸ್ಟ್ 16ರಂದು ರಕ್ತದಾನ ನಡೆಸುತ್ತಾರೆ. ಆ ಮಾತು ಬಂದಾಗ ಮಾತ್ರ ಇಬ್ಬರೂ ಒಟ್ಟಿಗೆ ಮೌನವಾದರು. ಅದಾದ ಮೇಲೆ ಔಷಧದ ಅಂಗಡಿಯವರು, “ಅವತ್ತು ಇವನು ಮನೆಗೆ ಬರುವವರೆಗೆ ನಾನು ಇದೇ ಕಟ್ಟೆಯ ಮೇಲೆ ಕೂತಿದ್ದೆ” ಎಂದಷ್ಟೇ ಹೇಳಿದರು.

ಹೊರಡುವ ದಿನದ ಬೆಳಗ್ಗೆ ಗುಮಾಸ್ತರು ನನ್ನ ಊರನ್ನು ಕೇಳಿದರು. ಬೆಂಗಳೂರು ಎಂದೆ. ಅವರು ಕುಡಿಕೆಯನ್ನು ಕೆಳಗಿಟ್ಟು ಎದ್ದುನಿಂತರು. “ಅಹ್ಮದ್ ಖಾನರ ಊರಿನವರೇ! ಇಷ್ಟು ದಿನ ಹೇಳಲೇ ಇಲ್ಲವಲ್ಲ!”

ಹೇಳಲು ನನಗೇ ಗೊತ್ತಿರಲಿಲ್ಲ. ಹದಿನೈದು ವರ್ಷಗಳಿಂದ ಬೆಂಗಳೂರಿನಲ್ಲಿ ಪಾಠ ಹೇಳುತ್ತಿದ್ದ ನಾನು ಆ ಹೆಸರನ್ನು ಕೇಳಿರಲಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಈಸ್ಟ್ ಬೆಂಗಾಲ್ ತಂಡದ ಮುಂದಿನ ಸಾಲಿನಲ್ಲಿ ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ, ಅಹ್ಮದ್ ಖಾನ್ ಎಂಬ ಐವರು ಆಡುತ್ತಿದ್ದರು. ಐವರೂ ದಕ್ಷಿಣದೇಶದವರು. 1949ರಿಂದ 1951ರವರೆಗೆ ಮೂರು ವರ್ಷ ಸಾಲಾಗಿ ಷೀಲ್ಡ್ ಗೆದ್ದ ತಂಡವದು. ಕೊಲ್ಕತ್ತೆಯ ಜನ ಅವರನ್ನು ಪಂಚಪಾಂಡವರೆಂದು ಕರೆದರು. ರಾಜ್ಯ ಕಳೆದುಕೊಂಡು ಬಂದಿದ್ದ ನಿರಾಶ್ರಿತರು ತಮ್ಮ ವೀರರಿಗೆ ವನವಾಸಿಗಳ ಹೆಸರನ್ನಿಟ್ಟರೆಂಬುದು ನನಗೆ ಬಹಳ ಅರ್ಥವತ್ತಾಗಿ ಕಂಡಿತು. “ನಮ್ಮ ಗುಡಿಸಲುಗಳಲ್ಲಿ ದೀಪಕ್ಕೆ ಎಣ್ಣೆ ಇರಲಿಲ್ಲ ಮಾಸ್ಟರ್‌ಮಶಾಯ್. ದೂರದ ಊರಿನ ಐವರು ಬಂದು ನಮ್ಮ ಊರಿನ ಹೆಸರನ್ನು ಗೆಲ್ಲಿಸಿಕೊಟ್ಟರು” ಎಂದರು ಗುಮಾಸ್ತರು.

ಹಾಗಾದರೆ ನಿಮ್ಮ ಮೆಚ್ಚಿನ ಗೋಲು 1975ರದ್ದಲ್ಲವೇ ಎಂದು ಕೇಳಿದೆ. ಅವರು ತಲೆಯಾಡಿಸಿದರು. ಅವರ ಗೋಲು ಕೊಲ್ಕತ್ತೆಯದೇ ಅಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತ ಯುಗೋಸ್ಲಾವಿಯದ ಕೈಯಲ್ಲಿ 10-1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಅಹ್ಮದ್ ಖಾನ್. “ಆ ಹತ್ತನ್ನು ಹೊಡೆದವರ ಹೆಸರು ಈ ಬೀದಿಯಲ್ಲಿ ಯಾರಿಗೂ ಬೇಡ. ನಮಗೆ ಆ ಒಂದು ಸಾಕು.” ಹನ್ನೆರಡು ವರ್ಷದ ಹುಡುಗನಾಗಿ ಅವರು ಆ ಸುದ್ದಿಯನ್ನು ಪಕ್ಕದ ಮನೆಯವರ ಪತ್ರಿಕೆಯಲ್ಲಿ ಓದಿದ್ದರು. ಕಣ್ಣಾರೆ ಕಾಣದ ಗೋಲು, ಅದೂ ಸೋತ ಪಂದ್ಯದ್ದು! ಆದರೂ ಆರು ದಶಕ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಳಿದ್ದರು.

ಊರಿಗೆ ಬಂದ ಮೇಲೆ ಹಳೆಯ ಲೆಕ್ಕಗಳನ್ನು ತೆಗೆದು ನೋಡಿದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿಗೆ 2-1ರಿಂದ ಸೋತಿತ್ತು. ಅಂದಿನ ಒಂದು ಗೋಲು ಸಾರಂಗಪಾಣಿ ರಾಮನ್ ಅವರದು. ಅವರೂ ಬೆಂಗಳೂರಿನವರೇ. ಸ್ವತಂತ್ರ ಭಾರತ ಒಲಿಂಪಿಕ್ಸಿನಲ್ಲಿ ಹೊಡೆದ ಮೊದಲ ಎರಡು ಗೋಲುಗಳೂ ನಮ್ಮ ನಗರದವರ ಕಾಲಿನಿಂದ ಬಂದವು. ಎರಡೂ ಸೋತ ಪಂದ್ಯಗಳಲ್ಲಿ ಬಂದವು. ಫಲಿತಾಂಶದ ಪುಸ್ತಕ ಸೋತವರನ್ನು ಬೇಗ ಮರೆಯುತ್ತದೆ. ಅಭಿಮಾನಿಯ ಮಾತು ಅವರನ್ನು ಮರೆಯಗೊಡುವುದಿಲ್ಲ. ಜಗಲಿಯ ಕರ್ಣಪಕ್ಷದವರು ಮಾಡುತ್ತಿದ್ದುದೂ ಇದನ್ನೇ ಎಂದು ನನಗೆ ಆಗ ಹೊಳೆಯಿತು.

ಬೀಳ್ಕೊಡುವಾಗ ಗುಮಾಸ್ತರು ನನಗೆ ಒಂದು ಕೆಲಸ ವಹಿಸಿದ್ದರು. ಅಹ್ಮದ್ ಖಾನರು ಬೆಂಗಳೂರಿನಲ್ಲಿಯೇ ಇದ್ದಾರೆ. ಹೋಗಿ, ಬಾರಿಸಾಲ ಕಡೆಯ ಹುಡುಗನೊಬ್ಬ ನಮಸ್ಕಾರ ಹೇಳಿದ್ದಾನೆಂದು ತಿಳಿಸಿ ಎಂದಿದ್ದರು. ನಾನು ಒಪ್ಪಿಕೊಂಡು ಬಂದೆ. ಪರೀಕ್ಷೆ, ಮೌಲ್ಯಮಾಪನ, ಮನೆಯ ತಾಪತ್ರಯ — ನೆಪಗಳಿಗೇನು ಬರಗಾಲ? ಮುಂದಿನ ತಿಂಗಳು, ಮುಂದಿನ ರಜೆ ಎಂದು ದಿನ ತಳ್ಳಿದೆ. 2017ರ ಆಗಸ್ಟಿನಲ್ಲಿ ಒಂದು ಬೆಳಗ್ಗೆ ಪತ್ರಿಕೆ ತೆರೆದರೆ ಅಹ್ಮದ್ ಖಾನರು ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ. ಒಂದೇ ಊರಿನಲ್ಲಿದ್ದುಕೊಂಡು, ಇಪ್ಪತ್ತು ತಿಂಗಳಲ್ಲಿ ಒಂದು ನಮಸ್ಕಾರವನ್ನು ನಾನು ತಲುಪಿಸಲಾರದೆ ಹೋದೆ.

ಕೊಲ್ಕತ್ತೆಯ ಮಿತ್ರರ ದೂರವಾಣಿ ಆಗಾಗ ಬರುತ್ತಿರುತ್ತದೆ. 2020ರಲ್ಲಿ ಮೋಹನ್ ಬಾಗಾನ್ ಬೇರೊಂದು ತಂಡದೊಡನೆ ಕೂಡಿ, ಅದರ ಹೆಸರನ್ನು ತನ್ನ ಹೆಸರಿನ ಹಿಂದೆ ಹೊತ್ತುಕೊಂಡಾಗ ಅಂಗಡಿಯವರು ಊಟ ಬಿಟ್ಟರಂತೆ. 2023ರಲ್ಲಿ ಅಭಿಮಾನಿಗಳ ಒತ್ತಾಯಕ್ಕೆ ಆ ಮುಂಗೂಡಿಕೆಯನ್ನು ತೆಗೆದರು. ಆ ಮೂರು ವರ್ಷ ಅವರ ಪರವಾಗಿ ಬೀದಿಯಲ್ಲೆಲ್ಲ ವಾದಿಸಿದವರು ಈಸ್ಟ್ ಬೆಂಗಾಲಿನ ಗುಮಾಸ್ತರು. ಹೆಸರು ಕಳೆದುಕೊಳ್ಳುವುದೆಂದರೇನೆಂದು ಬಲ್ಲವರು ಅವರು. 2024ರ ಆಗಸ್ಟಿನಲ್ಲಿ ಆ ನಗರದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯೊಬ್ಬಳ ಅತ್ಯಾಚಾರ ಮತ್ತು ಕೊಲೆ ನಡೆದು ಜನ ಬೀದಿಗಿಳಿದಿದ್ದಾಗ, ಆಗಸ್ಟ್ 18ರಂದು ಈ ಎರಡು ಕ್ಲಬ್ಬುಗಳ ನಡುವೆ ನಡೆಯಬೇಕಾಗಿದ್ದ ಡ್ಯುರಾಂಡ್ ಕಪ್ಪಿನ ಪಂದ್ಯವನ್ನು ರದ್ದುಮಾಡಿದರು. ಅಂದು ಕೆಂಪು-ಹಳದಿಯವರೂ ಹಸಿರು-ಕೆಂಗಂದಿನವರೂ ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತು ನ್ಯಾಯ ಕೇಳಿದರು. ಮೊಹಮ್ಮಡನ್ ಸ್ಪೋರ್ಟಿಂಗಿನ ಅಭಿಮಾನಿಗಳೂ ಬಂದು ಸೇರಿದರು. ಪೊಲೀಸರ ಲಾಠಿಯೂ ಎಲ್ಲರ ಮೇಲೆ ಒಟ್ಟಾಗಿಯೇ ಬಿತ್ತು. ಎಂಬತ್ತು ದಾಟಿದ್ದ ಇಬ್ಬರು ವೃದ್ಧರು ಒಂದೇ ಮನೆಯಲ್ಲಿ ಕುಳಿತು ದೂರದರ್ಶನದಲ್ಲಿ ಅದನ್ನು ನೋಡಿದರಂತೆ. ಮರುವಾರ ಕಟ್ಟೆಯ ಮೇಲೆ ಮತ್ತೆ ಜಗಳ ಹೂಡಿದರಂತೆ. ನೂರು ವರ್ಷ ಜಗಳವಾಡಬೇಕಾದರೂ ಎದುರಿಗೆ ಒಬ್ಬರು ಬೇಕಲ್ಲ!

ಆ ದಿನ ಮಿತ್ರರು ದೂರವಾಣಿಯನ್ನು ಗುಮಾಸ್ತರ ಕೈಗೆ ಕೊಟ್ಟರು. ಅವರು ಮೊದಲು ಕೇಳಿದ್ದು, “ನನ್ನ ನಮಸ್ಕಾರ ಹೇಳಿದಿರಾ?” ಎಂದು. ಇಲ್ಲವೆಂದು ಹೇಳಲೇಬೇಕಾಯಿತು. ಸ್ವಲ್ಪ ಹೊತ್ತು ತಡೆದು ಅವರೆಂದರು: “ಹೋಗಲಿ ಬಿಡಿ. ಅವರ ಆಟ ನೋಡಿದವರು ನಿಮ್ಮ ಊರಲ್ಲಿ ಇನ್ನೂ ಇರಬೇಕು. ಅವರಿಗಾದರೂ ಹೇಳಿ.”

ಅಂದಿನಿಂದ ಭಾನುವಾರಗಳಲ್ಲಿ ನಾನು ಬಿಡುವು ಮಾಡಿಕೊಂಡು ಹಲಸೂರಿನ ಗೌತಮಪುರದ ಕಡೆ ಹೋಗುತ್ತೇನೆ. ಪೆಲೆಯ ಪ್ರತಿಮೆಯನ್ನು ನಿಲ್ಲಿಸಿಕೊಂಡಿರುವ ಬಡಾವಣೆಯದು. ಅಲ್ಲಿಯೂ ಕಟ್ಟೆಗಳುಂಟು, ಕಟ್ಟೆಗಳ ಮೇಲೆ ವೃದ್ಧರುಂಟು. 2023ರ ಮಾರ್ಚಿನಲ್ಲಿ ಕರ್ನಾಟಕ ಐವತ್ತನಾಲ್ಕು ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದ ಸುದ್ದಿಯನ್ನು ಅವರು ಇನ್ನೂ ಮೆಲುಕು ಹಾಕುತ್ತಿದ್ದಾರೆ. ಮೈಸೂರು ತಂಡ ಅದನ್ನು ಗೆದ್ದ ಹಳೆಯ ದಿನಗಳ ಆಟವನ್ನು ಕೈಯಾಡಿಸಿ ತೋರಿಸುತ್ತಾರೆ. ನಾನು ಮೊದಲು ನಮಸ್ಕಾರ ತಲುಪಿಸುತ್ತೇನೆ. ಬಳಿಕ ನೋಟ್‌ಬುಕ್ ತೆರೆದು, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ.